ಇನ್ನೆಷ್ಟು ದಿನ ಇರ್ತಾಳೆ ಅಂತ ಅವಳಿಗೆ ಪಾಲು?

ಈ ಮಾತು ನೀವೂ ಕೇಳಿರ್ತೀರಿ. ಗಂಡ ಸತ್ತು ಹನ್ನೊಂದು ದಿನ ಆಗಿರುತ್ತೆ. ತಿಥಿಯೋ ಶಿವಗಣಾರಾಧನೆಯೋ ಮುಗಿದು ನೆಂಟರು ಇನ್ನೂ ಬಸ್ಸು ಹತ್ತಿರಲ್ಲ. ಹಿತ್ಲಲ್ಲಿ ಪಾತ್ರೆ ತೊಳೆಯೋ ಕಲ್ಲಿನ ಹತ್ರ ಪಿಸುಪಿಸು ಶುರುವಾಗುತ್ತೆ. "ಅವಳಿಗೂ ಅದೇ ಕಾಯಿಲೆಯಂತೆ ಕಣಕ್ಕ. ಇನ್ನೆಷ್ಟು ದಿನ ಇರ್ತಾಳೆ ಅಂತ ಅವಳಿಗೆ ತೋಟದಲ್ಲಿ ಪಾಲು?" ಗಂಡಸರು ಆಗ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕಂಡು ಏನೂ ಗೊತ್ತಿಲ್ದೋರಂಗೆ ಕೂತಿರ್ತಾರೆ. ಮಾತು ಆಡ್ಸೋರು ಅವರೇ ಇರಬಹುದು. ಆಡೋರು ಮಾತ್ರ ಹೆಂಗಸರು. ಅತ್ತೆ, ನಾದಿನಿ, ಓರಗಿತ್ತಿ, ಪಕ್ಕದ ಮನೆಯಾಕೆ.

ಉಪ್ಪಿನಕಾಯಿ, ಅಟ್ಟದ ಮೇಲಿನ ಇಲಿ ಕಾಟ ಎಲ್ಲಾ ಇನ್ನೊಂದ್ಸಲ ಬರೀತೀನಿ. ಇವತ್ತು ಈ ಒಂದು ಮಾತಿನ ಮೇಲೆ ಜಗಳ ತೆಗೀಬೇಕು ಅಂತಲೇ ಕೂತಿದ್ದೀನಿ. "ಆ ಕಾಯಿಲೆ", "ದೊಡ್ಡ ಕಾಯಿಲೆ" ಅಂತ ಸುತ್ತಿ ಬಳಸಿ ಹೇಳೋದೂ ಬೇಡ. ಅದರ ಹೆಸರು ಎಚ್‌ಐವಿ.

ಮೊದಲು ಆ "ಇನ್ನೆಷ್ಟು ದಿನ" ಅನ್ನೋ ಲೆಕ್ಕ ತಗಳಣ. ಅದು ಹಳೇ ಲೆಕ್ಕ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆ ಆಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಆಮೇಲೆ ಸುಮಾರು ವರ್ಷ ಬಡವರ ಕೈಗೆ ಎಟುಕೋ ಔಷಧಿ ಇರಲಿಲ್ಲ. ಬೊಂಬಾಯಿಗೆ, ಬೆಂಗಳೂರಿಗೆ ದುಡಿಯಕ್ಕೆ ಹೋದೋರು, ಲಾರಿ ಓಡ್ಸೋರು ಒಣಗಿ ಕಡ್ಡಿಯಾಗಿ ಊರಿಗೆ ಬರೋರು, ಹಾಸಿಗೆ ಹಿಡಿಯೋರು, ಹೋಗೋರು. ಆ ಸಾವು ಕಂಡವರಿಗೆ ಹೆಸರು ಕೇಳಿದ ತಕ್ಷಣ ಚಟ್ಟದ ನೆನಪೇ ಬರೋದು. ಅದು ತಪ್ಪಲ್ಲ. ಆದ್ರೆ ಕಾಲ ಬದಲಾದ್ದನ್ನ ತಿಳ್ಕಳ್ದೇ ಇರೋದು ತಪ್ಪು.

2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಔಷಧಿಯನ್ನ ಪುಕ್ಕಟೆ ಕೊಡ್ತಾ ಐತೆ. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ನಮ್ಮ ಕರ್ನಾಟಕನೂ ಒಂದು, ಹಂಗಾಗಿ ಇಲ್ಲಿಗೆ ಔಷಧಿ ಮೊದಲ ಸುತ್ತಿನಲ್ಲೇ ಬಂತು. 2017ರಿಂದ, ದೇಹ ಕುಗ್ಗೋವರೆಗೂ ಕಾಯದೆ, ಸೋಂಕು ಗೊತ್ತಾದ ಎಲ್ಲರಿಗೂ ಔಷಧಿ ಶುರು ಮಾಡ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ನೀವು ಬಿಪಿಗೆ, ಶುಗರ್‌ಗೆ ನುಂಗ್ತೀರಲ್ಲ, ಹಂಗೆ. ತಪ್ಪದೆ ನುಂಗಿದ್ರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ರಕ್ತದಲ್ಲಿರೋ ವೈರಾಣು ಪರೀಕ್ಷೆಗೂ ಸಿಗದಷ್ಟು ಕಮ್ಮಿ ಆಗುತ್ತೆ. ಅದನ್ನ ಹಂಗೇ ಕಾಪಾಡಿಕೊಂಡವರಿಂದ ಗಂಡನಿಗಾಗಲೀ ಹೆಂಡತಿಗಾಗಲೀ ಕೂಡುವಿಕೆಯಿಂದ ಸೋಂಕು ಹತ್ತಲ್ಲ ಅಂತ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗೈತೆ. ನಾವು ಅಟ್ಟದ ಮೇಲೆ ಕಾಯಿ ಹಾಕಿ ಉಂಡೆ ಕೊಬ್ಬರಿ ಆಗಕ್ಕೆ ಹತ್ತು ಹನ್ನೊಂದು ತಿಂಗಳು ಕಾಯೋ ಜನ. ಅಷ್ಟು ಹೊತ್ತಿಗೆ ಅವಳು ಹುಷಾರಾಗಿ ಗದ್ದೆ ತೋಟದ ಕೆಲಸ ಮಾಡ್ತಿರ್ತಾಳೆ.

ಬಸುರಿಯಾದ್ರೂ ಅಷ್ಟೇ. ಏನೂ ಔಷಧಿ ಇಲ್ದಿದ್ರೆ ತಾಯಿಂದ ಮಗುವಿಗೆ ಸೋಂಕು ಹೋಗೋದು ನೂರಕ್ಕೆ 15ರಿಂದ 45 ಜನಕ್ಕೆ. ಸರಿಯಾಗಿ ಔಷಧಿ ತಗಂಡ್ರೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತೆ. ಅಂದ್ರೆ ಅವಳು ಇರ್ತಾಳೆ, ಅವಳ ಮಕ್ಕಳೂ ಇರ್ತಾರೆ. ನಿಮ್ಮ ನಮ್ಮಷ್ಟೇ ದಿನ ಇರ್ತಾಳೆ. "ಇನ್ನೆಷ್ಟು ದಿನ" ಅನ್ನೋ ಪ್ರಶ್ನೆಗೆ ಇದು ಉತ್ತರ.

ಎರಡನೇ ಮಾತು, "ಅವಳೇ ತಂದಿದ್ದು". ಇದು ಎಲ್ಲಿಂದ ಹುಟ್ಟುತ್ತೆ ನೋಡ್ರಿ. ನಮ್ಮ ಹೆಣ್ಣುಮಕ್ಕಳು ಬಸುರಿಯಾದ ಕೂಡಲೇ ತಾಯಿ ಕಾರ್ಡ್ ಮಾಡಿಸ್ತೀವಿ. ಅದರ ಜೊತೆ ರಕ್ತ ಪರೀಕ್ಷೆ, ಅದರೊಳಗೆ ಎಚ್‌ಐವಿ ಪರೀಕ್ಷೆನೂ ಇರುತ್ತೆ. ಗಂಡನಿಗೆ ಯಾವ ಬಸುರು, ಯಾವ ಕಾರ್ಡು? ಜ್ವರ ಬಂದು ಬಿದ್ರೂ ಆಸ್ಪತ್ರೆಗೆ ಹೋಗೋ ಪೈಕಿ ಅಲ್ಲ ಅವನು. ಹಂಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗೋದು ಹೆಂಡತಿಗೆ. ಮೊದಲು ಗೊತ್ತಾದೋಳನ್ನೇ ಮೊದಲು ತಂದೋಳು ಮಾಡಿಬಿಡ್ತಾರೆ. ದೇಶದಲ್ಲಿ ಎಚ್‌ಐವಿ ಇರೋ ನೂರು ಜನರಲ್ಲಿ 40ಕ್ಕಿಂತ ಹೆಚ್ಚು ಹೆಂಗಸರು. ಅವರಲ್ಲಿ ಬಹಳಷ್ಟು ಜನಕ್ಕೆ ಅದು ಬಂದಿದ್ದು ತಾಳಿ ಕಟ್ಟಿದ ಗಂಡನಿಂದ. ಅವರು ಮನೆ, ತೋಟ, ತವರು ಬಿಟ್ಟು ಬೇರೆ ದಾರಿ ಕಂಡೋರಲ್ಲ. ಆದ್ರೂ ಕಾಲ್ಗುಣ ಅವಳದ್ದು ಸರಿ ಇಲ್ಲ. ಅವಳು ಬಂದ ಮೇಲೆ ಮನೆ ಹಾಳಾಯ್ತು. ಗಂಡನನ್ನ ನುಂಗಿದಳು. ಅವನು ಎಲ್ಲಿಗೆ ಹೋಗಿದ್ದ, ಯಾರ ಜೊತೆ ಇದ್ದ ಅಂತ ಒಬ್ಬರೂ ಕೇಳಲ್ಲ. ಕೇಳೋದು ಸತ್ತೋನಿಗೆ ಮಾಡೋ ಅವಮಾನವಂತೆ. ಬದುಕಿರೋಳಿಗೆ ಮಾನ ಇರಲ್ವಾ?

ಮೂರನೇದು ತಟ್ಟೆ ಲೋಟ. ಈ ಕಾಯಿಲೆ ಹತ್ತೋದು ರಕ್ಷಣೆ ಇಲ್ಲದ ದೇಹ ಸಂಬಂಧದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ಔಷಧಿ ಇಲ್ದಿದ್ರೆ ತಾಯಿಂದ ಮಗುವಿಗೆ. ಅಷ್ಟೇ. ಒಂದೇ ತಟ್ಟೇಲಿ ಉಂಡ್ರೆ ಹತ್ತಲ್ಲ, ಒಂದೇ ತೊಟ್ಟಿ ನೀರಲ್ಲಿ ಮಿಂದ್ರೆ ಹತ್ತಲ್ಲ, ಮಗು ಎತ್ಕಂಡ್ರೆ ಹತ್ತಲ್ಲ, ಸೊಳ್ಳೆ ಕಚ್ಚಿದ್ರೂ ಹತ್ತಲ್ಲ. ಇದನ್ನ ಇಸ್ಕೂಲು ಮಕ್ಕಳು ಬಾಯಿಪಾಠ ಹೇಳ್ತಾರೆ. ಆದ್ರೂ ಅಡುಗೆಮನೆ ಮೂಲೇಲಿ ಅವಳದ್ದೇ ಒಂದು ತಟ್ಟೆ, ಅವಳದ್ದೇ ಒಂದು ಚೊಂಬು. ಅವಳು ರಾಗಿ ಬೀಸಿದ್ರೆ ಬೇಡ, ಮುದ್ದೆ ಕಟ್ಟಿದ್ರೆ ಬೇಡ. ಕಾಯಿ ಸುಲಿಯಕ್ಕೆ, ಸಗಣಿ ಬಾಚಕ್ಕೆ, ಹಾಸಿಗೆ ಹಿಡಿದ ಮಾವನ ಬಟ್ಟೆ ಒಗೆಯಕ್ಕೆ ಮಾತ್ರ ಬೇಕು. ಕೆಲಸ ಮಾಡಿಸ್ಕಳ್ಳುವಾಗ ಹತ್ತದ ಕಾಯಿಲೆ ಉಣ್ಣಕ್ಕೆ ಕೂತಾಗ ಮಾತ್ರ ಹೆಂಗೆ ಹತ್ತುತ್ತೆ, ಯಾರಾದ್ರೂ ಹೇಳ್ರಿ.

ಇಷ್ಟೂ ಹೊರಗೆ ಕಾಣೋ ಸಂಕಟ. ಒಳಗಿಂದು ಬೇರೆ ಐತೆ. ಅವಳಿಗೆ ಕೋಪ ಮಾಡ್ಕಳಕ್ಕೂ ಜಾಗ ಇಲ್ಲ. ಅವನು ಹಾಸಿಗೆ ಹಿಡಿದಾಗ ವಾಂತಿ ಬಳಿದೋಳು ಅವಳು, ಗಂಜಿ ಕುಡಿಸಿದೋಳು ಅವಳು. ಈಗ ನಡುಮನೇಲಿ ಹಾರ ಹಾಕ್ಕಂಡು ಫೋಟೋದಲ್ಲಿ ಅವನು ನಗ್ತಿರ್ತಾನೆ. ದಿನಾ ಬೆಳಗ್ಗೆ ಅದಕ್ಕೆ ಊದುಬತ್ತಿ ಹಚ್ಚಬೇಕು. "ಯಾಕೆ ಹಿಂಗೆ ಮಾಡಿದೆ, ಒಂದು ಮಾತು ಮುಂಚೆನೇ ಹೇಳಬಾರದಿತ್ತಾ" ಅಂತ ಕೇಳಿದ್ರೆ ಯಾರ ಹತ್ರ ಉತ್ತರ? ಅವನ ಮೇಲೆ ಪ್ರೀತಿನೂ ಐತೆ, ಸಿಟ್ಟೂ ಐತೆ. ಎರಡನ್ನೂ ಮಾತ್ರೆ ಜೊತೆ ನುಂಗ್ತಾಳೆ. ಆ ಮಾತ್ರೆನೂ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿರ್ತಾಳೆ. ತಿಪಟೂರಲ್ಲಿ ಪರಿಚಯದೋರು ಸಿಗ್ತಾರೆ ಅಂತ ಬಸ್ಸು ಹತ್ತಿ ತುಮಕೂರಿಗೆ ಹೋಗ್ತಾಳೆ, ಅಲ್ಲೂ ಸೆರಗು ಮುಖಕ್ಕೆ ಎಳ್ಕಂಡೇ ಕೂತಿರ್ತಾಳೆ. ಮಗುವಿಗೆ ಮುತ್ತು ಕೊಡಕ್ಕೂ ಹೆದರ್ತಾಳೆ. ಮುತ್ತಿಂದ ಏನೂ ಆಗಲ್ಲ ಅಂತ ಡಾಕ್ಟರು ಹೇಳಿರ್ತಾರೆ, ಆದ್ರೆ ಮನೇಲಿ ದಿನಾ ನೂರು ಸಲ ಬೇರೆ ಹೇಳ್ತಾರಲ್ಲ.

ಗಂಡ ಬದುಕಿರೋ ಮನೆಗಳ ಕಥೆನೂ ಹೇಳಬೇಕು. ಅವನಿಗೆ ಸೋಂಕಿದ್ದು ಅವಳಿಗೆ ಇಲ್ದೇ ಇರಬಹುದು. ಅವಳು ನಿರೋಧ್ ಬೇಕು ಅಂದ್ರೆ ಏನಾಗುತ್ತೆ? "ನನ್ನ ಮೇಲೇ ಅನುಮಾನವಾ? ಇಲ್ಲಾ ನಿನಗೇ ಯಾವನಾದ್ರೂ ಅವನಾ?" ಅಂತ ತಿರುಗಿ ಬೀಳ್ತಾನೆ. ಅತ್ತೆಗೆ ಹೇಳಿದ್ರೆ "ಗಂಡನ್ನ ದೂರ ಇಡೋಳು ಎಂಥ ಹೆಂಡ್ತಿ" ಅಂತಾರೆ. ಮೈಸೂರಲ್ಲಿ ಲೈಂಗಿಕ ವೃತ್ತಿಯವರೇ ಸೇರಿ ಕಟ್ಟಿಕೊಂಡ ಆಶೋದಯ ಸಮಿತಿ ಅಂತ ಐತೆ. ನಿರೋಧ್ ಇಲ್ದೆ ಆಗಲ್ಲ ಅಂತ ಗಿರಾಕಿ ಮುಖಕ್ಕೆ ಹೇಳೋ ಧೈರ್ಯನ ಅಂಥ ಸಂಘಗಳಲ್ಲಿ ಒಟ್ಟಾಗಿ ಕಲ್ತರು. ಮಾಂಗಲ್ಯ ಇರೋ ನಮಗೆ ಅದೇ ಮಾತನ್ನ ಗಂಡನಿಗೆ ಹೇಳಕ್ಕೆ ಬಾಯಿ ಬರಲ್ಲ. ಯಾರು ಯಾರಿಂದ ಕಲೀಬೇಕು?

ಅದಕ್ಕೇ ನನಗೆ "ಪಾಪ, ಅವಳ ತಪ್ಪೇನಿಲ್ಲ, ಗಂಡನಿಂದ ಬಂತು" ಅನ್ನೋ ಕನಿಕರವೂ ಸೇರಲ್ಲ. ಆ ಮಾತಿನ ಬೆನ್ನಿಗೆ ಇನ್ನೊಂದು ಮಾತು ಅಂಟ್ಕಂಡಿರುತ್ತೆ. ತಪ್ಪಿದ್ದೋಳಿಗೆ ಬಂದ್ರೆ ಅನುಭವಿಸಲಿ ಅಂತ. ಮಾತ್ರೆ ಕೊಡೋ ಕಿಟಕೀಲಿ "ನೀನು ಒಳ್ಳೆಯೋಳಾ ಕೆಟ್ಟೋಳಾ" ಅಂತ ಕೇಳಲ್ಲ. ಕಾಯ್ದೆಯೂ ಕೇಳಲ್ಲ. ನಾವು ಯಾಕೆ ಕೇಳಬೇಕು?

ಈಗ ತೋಟಕ್ಕೆ ಬರಣ. ನಿಜ ಹೇಳಬೇಕು ಅಂದ್ರೆ ಈ ತಟ್ಟೆ, ಲೋಟ, ಕಾಲ್ಗುಣ ಎಲ್ಲಾ ಬಂದು ನಿಲ್ಲೋದು ತೋಟದ ಬೇಲಿ ಹತ್ರಾನೇ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು 2006ರಲ್ಲಿ ಒಂದು ವರದಿ ತಂದ್ರು, ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಮನೆ ಮನೆ ವಿಚಾರಿಸಿ. ಎಚ್‌ಐವಿ ಇದ್ದ ವಿಧವೆಯರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಗಂಡ ಸತ್ತ ಮೇಲೆ ಅತ್ತೆ ಮನೇಲಿ ಉಳಿದಿರಲಿಲ್ಲ. ನೂರಕ್ಕೆ 79 ಜನಕ್ಕೆ ಗಂಡನ ಆಸ್ತೀಲಿ ಪಾಲು ಕೊಟ್ಟಿರಲಿಲ್ಲ. ಅವರನ್ನೆಲ್ಲಾ ಹೊರಗೆ ಹಾಕಿದ್ದು ವೈರಾಣು ಅಲ್ಲ. ವೈರಾಣುವಿಗೆ ಪಹಣಿ ಓದಕ್ಕೆ ಬರಲ್ಲ.

ನಮ್ಮ ಕಡೆ ಇದು ಹೆಂಗೆ ನಡೆಯುತ್ತೆ ಅಂತ ಗೊತ್ತಿರೋದೇ. ಒಂದು ದಿನ ಮೈದುನ ಮೆತ್ತಗೆ ಬರ್ತಾನೆ. "ಅತ್ತಿಗೆ, ನಿಮಗ್ಯಾಕೆ ತಾಲ್ಲೂಕು ಆಫೀಸು ಅಲೆದಾಟ, ಹುಷಾರಿಲ್ದೋರು. ಇಲ್ಲೊಂದು ಸೈನ್ ಹಾಕಿ. ಮಗು ಓದಿಗೆ ನಾವಿದ್ದೀವಲ್ಲ." ಆ ಕಾಗದ ಹಕ್ಕು ಬಿಡುಗಡೆ ಪತ್ರ. ಅವಳು ಅಳ್ತಾ ಸೈನ್ ಹಾಕ್ತಾಳೆ. ವರ್ಷ ಕಳೆದ ಮೇಲೆ ಮಗು ಫೀಸಿಗೆ ಕೈ ಚಾಚಿದ್ರೆ "ಮರದಲ್ಲಿ ಕಾಯೇ ಇಲ್ಲ, ಕೊಬ್ಬರಿಗೆ ರೇಟೇ ಇಲ್ಲ" ಅಂತಾರೆ. ಆಮೇಲೆ ತವರಿಗೆ ಕಳಿಸ್ತಾರೆ. ತವರಲ್ಲಿ ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತಿರ್ತಾಳೆ. ಅಲ್ಲಿಂದ ಎಲ್ಲಿಗೆ?

ಕಾಯ್ದೆ ಏನು ಹೇಳುತ್ತೆ ಅಂತ ಸ್ವಲ್ಪ ಬರವಣಿಗೆ ಭಾಷೇಲೇ ಹೇಳ್ತೀನಿ, ಬರ್ಕಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿಗೆ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಅವನ ತಾಯಿ ಎಲ್ಲರೂ ಸಮಾನ ಹಕ್ಕುದಾರರು. ಪಿತ್ರಾರ್ಜಿತ ತೋಟವಾದರೆ ಅದರಲ್ಲಿ ಅವನಿಗೆ ಎಷ್ಟು ಬರಬೇಕಿತ್ತೋ ಅಷ್ಟು ಇವರಿಗೆ ಇಳಿಯುತ್ತದೆ. ಅದೇ ಕಾಯ್ದೆಯ 28ನೇ ಕಲಮು ಓದಿ: ಯಾವುದೇ ರೋಗ, ದೋಷ, ಅಂಗವಿಕಲತೆಯ ಕಾರಣಕ್ಕೆ ಯಾರಿಗೂ ವಾರಸುದಾರಿಕೆ ತಪ್ಪುವುದಿಲ್ಲ. ದೇಶಕ್ಕೆ ಎಚ್‌ಐವಿ ಕಾಲಿಡೋಕೆ ಮೂವತ್ತು ವರ್ಷ ಮುಂಚೆನೇ ಬರೆದಿಟ್ಟ ಮಾತು ಇದು. "ಕಾಯಿಲೆ ಐತೆ, ಪಾಲಿಲ್ಲ" ಅನ್ನೋಕೆ ಆ ಕಾಲದಲ್ಲೇ ಬಾಗಿಲು ಮುಚ್ಚಿತ್ತು. ಮುಸಲ್ಮಾನರ ಮನೆಗಳಲ್ಲಿ ಪಾಲಿನ ಲೆಕ್ಕ ಬೇರೆ. ಆದ್ರೆ ಮುಂದೆ ಹೇಳೋ ಕಾಯ್ದೆ ಎಲ್ಲರಿಗೂ ಒಂದೇ.

ಅದು ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ, 2017. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಸೋಂಕಿರುವವರಿಗೆ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕಿದೆ. ಅವರನ್ನು ಮನೆಯಿಂದಾಗಲಿ, ಮನೆಯ ಯಾವುದೇ ಭಾಗದಿಂದಾಗಲಿ ಹೊರಗಿಡುವಂತಿಲ್ಲ. ಅಂದ್ರೆ ಅಡುಗೆಮನೆನೂ ಅವಳದ್ದೇ, ಬಚ್ಚಲೂ ಅವಳದ್ದೇ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ನಂಬಿ ಹೇಳಿಕೊಂಡ ವಿಷಯವನ್ನು ಆಸ್ಪತ್ರೆಯವರು ಬಾಯಿ ಬಿಡುವಂತಿಲ್ಲ. ಗಂಡನಿಗೆ ತಿಳಿಸಬೇಕಾಗಿ ಬಂದರೂ ಅದು ವೈದ್ಯರು, ಆಪ್ತ ಸಮಾಲೋಚಕರ ಕೆಲಸ ಮಾತ್ರ. ತಿಳಿಸಿದರೆ ಅವಳಿಗೆ ಹೊಡೆತ ಬೀಳುತ್ತೆ, ಮನೆಯಿಂದ ತಳ್ಳುತ್ತಾರೆ ಅನ್ನುವ ಭಯ ಇದ್ದರೆ ತಿಳಿಸಬಾರದು ಅಂತಲೂ ಕಾಯ್ದೆ ಯೋಚನೆ ಮಾಡಿದೆ. ಸೋಂಕಿತರ ಮೇಲೆ ದ್ವೇಷ ಹಬ್ಬಿಸಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪಾತ್ರೆ ತೊಳೆಯೋ ಕಲ್ಲಿನ ಹತ್ರ ಆಡಿದ್ದು ಅಲ್ಲೇ ತೊಳ್ಕಂಡು ಹೋಗುತ್ತೆ ಅನ್ಕಬೇಡಿ.

ಇಷ್ಟು ಹೇಳಿದ ಮೇಲೆ ಬರೋ ಎದುರುಮಾತು ನನಗೆ ಗೊತ್ತು. "ನೀನು ಬರೀತೀಯ. ನಮ್ಮ ಮನೇಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ. ವಿಷಯ ಹೊರಗೆ ಬಿದ್ರೆ ಗಂಡು ಬರಲ್ಲ." ಈ ಭಯ ಸುಳ್ಳಲ್ಲ, ನಾನೂ ಒಪ್ತೀನಿ. ಆದ್ರೆ ವಿಷಯ ಹೊರಗೆ ಬೀಳಿಸೋರು ಯಾರು? ಅವಳಂತೂ ಅಲ್ಲ, ಅವಳು ಮಾತ್ರೆನೇ ಅಕ್ಕಿ ಡಬ್ಬದಲ್ಲಿ ಇಡೋಳು. ಬೀಳಿಸೋದು ಮನೆಯವರೇ. ತಟ್ಟೆ ಬೇರೆ ಇಟ್ಟಾಗಲೇ ಊರಿಗೆ ಡಂಗುರ ಹೊಡೆದಂಗಾಯ್ತು. ಅವಳನ್ನ ಮನೆಯಿಂದ ಕಳಿಸಿದ ದಿನ ಎಲ್ಲರಿಗೂ ಕಾರಣ ಬೇಕಾಯ್ತು. ಅವಳು ಮನೇಲೇ ಮೊದಲಿನಂಗೇ ಇದ್ದಿದ್ರೆ ಯಾರು ಕೇಳ್ತಿದ್ರು?

"ಮದುವೆ ಮುಂಚೆನೇ ಟೆಸ್ಟ್ ಮಾಡಿಸಿಬಿಟ್ರೆ ಆಯ್ತಪ್ಪ" ಅನ್ನೋರೂ ಇದ್ದಾರೆ. ಗಂಡು ಹೆಣ್ಣು ಇಬ್ಬರೂ ಒಪ್ಪಿ ಮಾಡಿಸ್ಕಂಡ್ರೆ ಒಳ್ಳೇದೇ, ಬೇಡ ಅನ್ನಲ್ಲ. ಜಾತಕಕ್ಕೆ ಹತ್ತು ಕಡೆ ತಿರುಗ್ತೀವಿ, ಇದಕ್ಕೆ ಒಂದು ಬೆಳಗ್ಗೆ ಸಾಕು. ಆದ್ರೆ ಮದುವೆ ದಿನದ ಚೀಟಿ ಮುಂದಿನ ಹತ್ತು ವರ್ಷಕ್ಕೆ ಜಾಮೀನಲ್ಲ. ಗಂಡನಿಗೂ ಹೆಂಡತಿಗೂ ಮಧ್ಯೆ ಇದನ್ನ ಮಾತಾಡೋ ರೂಢಿನೇ ಇಲ್ದಿದ್ರೆ ಚೀಟಿ ಕಟ್ಕಂಡು ಏನು ಮಾಡ್ತೀರಿ?

ನಮ್ಮ ತೆಂಗಿಗೆ ನುಸಿ ಬಂದ ಕಾಲ ನೆನಪಿದೆಯಲ್ಲ. ಕಾಯೆಲ್ಲಾ ಕಂದಿ, ಬಿರಿದು, ಗಾತ್ರ ಇಲ್ದೆ ಉದುರ್ತಿದ್ವು. ಮರ ಕಡಿದು ಬೀದಿಗೆ ಎಸೆದ್ವಾ? ಬೇರು ಹುಡುಕಿ ಬೇವಿನ ಔಷಧಿ ಕಟ್ಟಿದ್ವಿ, ಬುಡಕ್ಕೆ ಗೊಬ್ಬರ ಹಾಕಿದ್ವಿ, ಕಾದ್ವಿ. ಮರಕ್ಕೆ ತೋರಿಸಿದಷ್ಟು ತಾಳ್ಮೆನ ಸೊಸೆಗೆ ತೋರಿಸಿ ಅಂದ್ರೆ ಅದೇನು ದೊಡ್ಡ ಮಾತಾ?

ಹಂಗಾದ್ರೆ ನೀವು ಮಾಡಬೇಕಾದ್ದು ಏನು ಅಂತೀರಾ, ಕೇಳಿ. ನಿಮ್ಮ ಮನೇಲೋ ಪಕ್ಕದ ಮನೇಲೋ ಇಂಥ ಹೆಣ್ಣುಮಗಳು ಇದ್ರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಬೇಡ ಅಂತ ಮೊದಲು ಹೇಳಿ. ಪೌತಿ ಖಾತೆಗೆ ಅರ್ಜಿ ಹಾಕಿಸಿ, ವಂಶವೃಕ್ಷದಲ್ಲಿ ಅವಳ ಹೆಸರು, ಮಕ್ಕಳ ಹೆಸರು ಐತಾ ಅಂತ ಕಣ್ಣಲ್ಲಿ ನೋಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ. ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ, ಇಲ್ಲಾ 15100ಕ್ಕೆ ಫೋನ್ ಮಾಡಿ. ಕಾಯಿಲೆ ಬಗ್ಗೆ ಏನೇ ಅನುಮಾನ ಇದ್ರೂ 1097ಕ್ಕೆ ಮಾಡಿ, ಪುಕ್ಕಟೆ, ಹೆಸರು ಹೇಳಬೇಕಿಲ್ಲ. ದುಡಿಮೆ ಮಾಡ್ಕಳ್ಳಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಎಚ್‌ಐವಿ ಇರೋ ಹೆಂಗಸರಿಗೇ ಅಂತ ಐತೆ. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಅವಳ ಹೆಸರು ಇನ್ನೂ ಇದ್ರೆ ಉಳಿಸ್ಕಳ್ಳಿ, ತೆಗೆದಿದ್ರೆ ಮತ್ತೆ ಸೇರಿಸ್ಕಳ್ಳಿ.

ಅವಳಿಗೆ ಇನ್ನೊಂದು ಮದುವೆ ಆಗೋ ಮನಸ್ಸಿದ್ರೆ, ಸೋಂಕಿರೋ ಗಂಡೇ ಆಗಲಿ ಇಲ್ದೋನೇ ಆಗಲಿ, ವಿಷಯ ತಿಳಿದು ಒಪ್ಪಿ ಬಂದ್ರೆ, "ಇನ್ನೂ ಆಸೆ ನೋಡು ಇವಳಿಗೆ" ಅಂತ ಮೂಗು ಮುರೀಬೇಡಿ. ಆಸೆ ಇರೋದ್ರಿಂದಲೇ ಅವಳು ದಿನಾ ಮಾತ್ರೆ ನುಂಗ್ತಿರೋದು.

ನಮ್ಮನ್ನ ಯಾರೂ ದೊಡ್ಡ ತ್ಯಾಗ ಕೇಳ್ತಿಲ್ಲ ಕಣ್ರವ್ವಾ. ಜಾತ್ರೆ ಊಟಕ್ಕೆ ಕೂತಾಗ ಅವಳಿಗೂ ಸಾಲಲ್ಲೇ ಎಲೆ ಹಾಕಿ. ಅವಳು ಕಟ್ಟಿದ ಮುದ್ದೆ ಉಣ್ಣಿ. ಭಾಗ ಆಗೋ ದಿನ ಅವಳ ಪಾಲಿನ ಸಾಲುಮರ ಎಣಿಸಿ, ಗುರುತು ಹಾಕಿ, ಕಾಗದದಲ್ಲಿ ಬರೆಸಿ ಅವಳ ಕೈಗೇ ಕೊಡಿ.